ತಬ್ಯತ್ ಹೆಂಗೈತ್ರಿ? ಅಥವಾ ಗ್ರೀಕರ ಎರಡು ವಹಿಗಳು

ನಮ್ಮ ವಿಜಯಪುರದ ಕಡೆ ಯಾರೇ ಎದುರಾಗಲಿ, ಊರಿಂದ ಯಾರೇ ಫೋನ್ ಮಾಡಲಿ, ಎರಡನೇ ಮಾತು ಇದೇ: "ತಬ್ಯತ್ ಹೆಂಗೈತ್ರಿ?" ಬೆಂಗಳೂರಿನ ನನ್ನ ಗೆಳೆಯರು ಇದನ್ನು ಹಿಂದಿ ಪದ ಅಂತ ನಗ್ತಾರೆ. ನಗಲಿ ಬಿಡಿ. ಈ ಪದದ ಬೆನ್ನು ಹತ್ತಿ ಹೋದರೆ ಹಿಂದಿ, ಉರ್ದು, ಫಾರ್ಸಿ ಎಲ್ಲ ದಾಟಿ ಅರಬ್ಬಿಯ 'ತಬೀಅತ್' ಸಿಗುತ್ತದೆ. ಒಂಬತ್ತನೇ ಶತಮಾನದ ಬಾಗ್ದಾದಿನಲ್ಲಿ ಹುನೈನ್ ಇಬ್ನ್ ಇಸ್ಹಾಕ್ ಮತ್ತವನ ಜೊತೆಗಾರರು ಗ್ರೀಕ್ ವೈದ್ಯದ ಪುಸ್ತಕಗಳನ್ನು ಅನುವಾದ ಮಾಡುವಾಗ 'ಫುಸಿಸ್' ಅನ್ನೋ ಗ್ರೀಕ್ ಪದಕ್ಕೆ ನಿಂತ ಪದ ಇದೇ ಮೂಲದ್ದು. ಫುಸಿಸ್ ಅಂದರೆ ಪ್ರಕೃತಿ, ಹುಟ್ಟುಗುಣ. ಫಿಸಿಕ್ಸ್, ಫಿಸಿಷಿಯನ್ ಎಲ್ಲ ಅದರ ಮರಿಗಳೇ. ಅಂದರೆ ವಿಜಯಪುರದ ಬಸ್ ಸ್ಟ್ಯಾಂಡಿನಲ್ಲಿ ನಿಂತು ಕಾಕಾ ಒಬ್ಬರು ಇನ್ನೊಬ್ಬ ಕಾಕಾನಿಗೆ ಕೇಳುತ್ತಿರೋದು ಒಂದು ಗ್ರೀಕ್ ಪ್ರಶ್ನೆ!

ಇದೊಂದೇ ಅಲ್ಲ. ನಾವು ಆಸ್ಪತ್ರೆ ಅನ್ನೋದು ಕಮ್ಮಿ, ದವಾಖಾನೆ ಅನ್ನೋದೇ ಹೆಚ್ಚು. ಹೊಟ್ಟೆ ಸ್ವಚ್ಛ ಮಾಡಲು ತಗೊಳ್ಳೋದು ಜುಲಾಬು. ಅದು ಮೂಲದಲ್ಲಿ ಗುಲಾಬಿ ನೀರು, ಹಕೀಮರ ಕೈಗೆ ಸಿಕ್ಕು ಭೇದಿ ಔಷಧಿ ಆಯ್ತು. ಇನ್ನು 'ಯುನಾನಿ' ಅನ್ನೋ ಹೆಸರೇ ಅಯೋನಿಯಾದಿಂದ, ಅಂದರೆ ಗ್ರೀಕರ ನಾಡಿನಿಂದ, ಬಂದದ್ದು. ಹಕೀಮರು ಹೇಳುವ ಬುಕ್ರಾತ್ ಅಂದರೆ ಹಿಪ್ಪಾಕ್ರಟೀಸ್, ಜಾಲಿನೂಸ್ ಅಂದರೆ ಗ್ಯಾಲೆನ್. ಯುರೋಪಿನಲ್ಲಿ ಈ ಇಬ್ಬರೂ ಮ್ಯೂಸಿಯಂ ಸೇರಿದ್ದಾರೆ. ನಮ್ಮಲ್ಲಿ ಇನ್ನೂ ಪರೀಕ್ಷೆಯ ಸಿಲಬಸ್ಸಿನಲ್ಲಿದ್ದಾರೆ. ವಿಜಯಪುರದಲ್ಲಿ ಲುಕ್ಮಾನ್ ಯುನಾನಿ ಮೆಡಿಕಲ್ ಕಾಲೇಜು ಇದೆ, ಬೆಂಗಳೂರಿನ ಮಾಗಡಿ ರೋಡಿನಲ್ಲಿ ರಾಷ್ಟ್ರೀಯ ಯುನಾನಿ ವೈದ್ಯ ಸಂಸ್ಥೆಯೇ ಇದೆ.

ಇಷ್ಟು ದೂರದ್ದು ಇಲ್ಲಿಗೆ ಹೇಗೆ ಬಂತು? ದಾರಿ ಉದ್ದ ಆದರೂ ಗುರುತಿಸಬಹುದು. ಗ್ರೀಸಿನ ಕಾಸ್ ಅನ್ನೋ ದ್ವೀಪದಲ್ಲಿ ಕ್ರಿಸ್ತಪೂರ್ವ 460ರ ಸುಮಾರಿಗೆ ಹುಟ್ಟಿದ ಹಿಪ್ಪಾಕ್ರಟೀಸ್ ಮತ್ತವನ ಹೆಸರಲ್ಲಿ ಉಳಿದ ಸುಮಾರು 60 ಪುಸ್ತಕಗಳು (ಬರೆದವರು ಹಲವರು). ಆಮೇಲೆ ರೋಮಿನಲ್ಲಿ ಗ್ಯಾಲೆನ್, ಬಾಗ್ದಾದಿನ ಅನುವಾದಕರು, 1025ರ ಸುಮಾರಿಗೆ ಮುಗಿದ ಇಬ್ನ್ ಸೀನಾನ 'ಕಾನೂನ್'. ಅಲ್ಲಿಂದ ಇರಾನ್, ಇರಾನಿನಿಂದ ಸಮುದ್ರ ದಾಟಿ ದಖ್ಖನ್. ಬೀದರಿನಲ್ಲಿ ಬಹಮನಿ ಸುಲ್ತಾನ ಎರಡನೇ ಅಲಾಉದ್ದೀನ್ ಅಹ್ಮದ್ (ಆಳಿದ್ದು 1436ರಿಂದ 1458) ಒಂದು ದವಾಖಾನೆ ಕಟ್ಟಿಸಿ, ಅದರ ಖರ್ಚಿಗೆ ಊರುಗಳನ್ನು ಉಂಬಳಿ ಬಿಟ್ಟು, ಹಿಂದೂ ವೈದ್ಯರನ್ನೂ ಮುಸ್ಲಿಂ ಹಕೀಮರನ್ನೂ ಇಟ್ಟಿದ್ದನಂತೆ. ಇದನ್ನು ಬರೆದಿಟ್ಟವನು ಫಿರಿಶ್ತಾ. ಶಾಲೆಯ ಇತಿಹಾಸ ಪುಸ್ತಕದಲ್ಲಿ ಅವನ ಹೆಸರು ಓದಿರ್ತೀರಿ.

ಈ ಫಿರಿಶ್ತಾ ನಮ್ಮೂರಿನವನೇ ಅನ್ನಬಹುದು. ಕ್ಯಾಸ್ಪಿಯನ್ ಸಮುದ್ರದ ಹತ್ತಿರ ಹುಟ್ಟಿದರೂ 1589ರಲ್ಲಿ ವಿಜಯಪುರಕ್ಕೆ ಬಂದು ಎರಡನೇ ಇಬ್ರಾಹಿಂ ಆದಿಲ್ ಶಾಹನ ಆಶ್ರಯದಲ್ಲಿ ತನ್ನ ದೊಡ್ಡ ಇತಿಹಾಸ ಗ್ರಂಥ ಬರೆದ. ಅವನು ವೈದ್ಯದ ಮೇಲೂ ಒಂದು ಪುಸ್ತಕ ಬರೆದ ಅನ್ನೋದು ನಮ್ಮ ಊರಿನವರಿಗೇ ಹೆಚ್ಚು ಗೊತ್ತಿಲ್ಲ. ಹೆಸರು 'ದಸ್ತೂರ್ ಉಲ್ ಅತಿಬ್ಬಾ'. ಅದರಲ್ಲಿ ಇರೋದು ಭಾರತೀಯ ವೈದ್ಯ, ಫಾರ್ಸಿಯಲ್ಲಿ. ಗ್ರೀಕ್ ಬುಡದ ವೈದ್ಯ ಕಲಿತ ಸಮಾಜಕ್ಕೆ ಇಲ್ಲಿನ ಆಯುರ್ವೇದವನ್ನು ಪರಿಚಯ ಮಾಡಿಕೊಡುವ ಕೆಲಸ ನಮ್ಮ ಗೋಲಗುಂಬಜದ ಊರಿನಲ್ಲಿ, ಗೋಲಗುಂಬಜ ಎದ್ದು ನಿಲ್ಲುವ ಮೊದಲೇ, ನಡೆದಿತ್ತು.

ಹಾಗಾಗಿ ನಿಮ್ಮ ಅಜ್ಜಿ "ಪಪ್ಪಾಯಿ ಹೀಟು, ಮಜ್ಜಿಗಿ ತಂಪು" ಅಂದಾಗ ಅದು ಚರಕನದೋ ಗ್ಯಾಲೆನನದೋ ಅಂತ ಬಿಡಿಸಿ ಹೇಳೋಕೆ ಆಗಲ್ಲ. ಎರಡೂ ಕಡೆ ಬಿಸಿ, ತಂಪು ಇದ್ದವು. ಇಲ್ಲಿ ನಾಲ್ಕೈದು ನೂರು ವರ್ಷ ಒಟ್ಟಿಗೆ ಕುದ್ದು ಒಂದೇ ಸಾರಾಗಿದೆ. ಗ್ರೀಕರ ಲೆಕ್ಕದಲ್ಲಿ ಮೈಯಲ್ಲಿ ನಾಲ್ಕು ರಸ: ರಕ್ತ, ಕಫ, ಹಳದಿ ಪಿತ್ತ, ಕಪ್ಪು ಪಿತ್ತ. ಒಂದೊಂದಕ್ಕೂ ಬಿಸಿ ಅಥವಾ ತಂಪು, ಹಸಿ ಅಥವಾ ಒಣ ಗುಣ. ಸಮತೋಲ ತಪ್ಪಿದರೆ ರೋಗ, ಎದುರು ಗುಣದ್ದು ಕೊಟ್ಟರೆ ವಾಸಿ. ಬಿಸಿಗೆ ತಂಪು, ತಂಪಿಗೆ ಬಿಸಿ. ಸಕ್ಕರೆ ಕಾಯಿಲೆಗೆ ಹಾಗಲಕಾಯಿ ರಸ, ಬೇವಿನ ಸೊಪ್ಪು ಅಂತ ನಮ್ಮವರು ಬೆಳಗ್ಗೆ ಬೆಳಗ್ಗೆ ಮುಖ ಕಿವುಚಿಕೊಂಡು ಕುಡೀತಾರಲ್ಲ, ಅದರ ಹಿಂದಿರೋದೂ ಇದೇ ಲೆಕ್ಕ: ರೋಗ ಸಿಹಿ, ಹಾಗಾದರೆ ಔಷಧಿ ಕಹಿ.

ಈಗ ನಾನು ಹೇಳಬೇಕಾಗಿರೋ ಮಾತಿಗೆ ಬರ್ತೀನಿ. ಗ್ರೀಕರಿಂದ ನಮಗೆ ಬಂದದ್ದು ಒಂದು ವಸ್ತುವಲ್ಲ, ಎರಡು. ಒಂದು ಈ ರಸಗಳ ಸಿದ್ಧಾಂತ. ಇನ್ನೊಂದು ರೋಗಿಯನ್ನು ನೋಡುವ, ಕೇಳುವ, ಬರೆದಿಡುವ ಅಭ್ಯಾಸ. ಮೊದಲನೆಯದು ಸತ್ತು ಹೋಗಿದೆ, ಎರಡನೆಯದು ಬಂಗಾರ. ನಾವು ಸತ್ತದ್ದನ್ನು ಜೋಪಾನ ಮಾಡಿದ್ದೇವೆ, ಬಂಗಾರವನ್ನು ಕಳೆದುಕೊಂಡಿದ್ದೇವೆ. ಯುನಾನಿಯವರು ಮಾತ್ರ ಅಂತಲ್ಲ. ಬಿಳಿ ಕೋಟಿನ ದೊಡ್ಡ ದವಾಖಾನೆಗಳೂ ಸೇರಿ.

ಆ ಕಾಲದ ಗ್ರೀಸಿನಲ್ಲಿ ಕಾಯಿಲೆಯವರಿಗೆ ಎರಡು ದಾರಿ ಇದ್ದವು. ಒಂದು ಅಸ್ಕ್ಲೇಪಿಯಸ್ ದೇವರ ಗುಡಿ. ಎಪಿಡಾರಸ್ ಊರಿನದು ಬಹಳ ಹೆಸರುವಾಸಿ. ಅಲ್ಲಿ ಹೋಗಿ ರಾತ್ರಿ ಮಲಗಬೇಕು, ಕನಸಿನಲ್ಲಿ ದೇವರು ಬಂದು ವಾಸಿ ಮಾಡುತ್ತಾನೆ. ನಮ್ಮ ಕಡೆ ಗುಡಿ, ದರ್ಗಾಗಳಲ್ಲಿ ಅಮವಾಸ್ಯೆಗೆ ಹೋಗಿ ಮಲಗುವವರನ್ನು ಕಂಡವರಿಗೆ ಇದೇನು ವಿಚಿತ್ರ ಅನ್ನಿಸಲ್ಲ. ವಾಸಿಯಾದವರ ಕತೆಗಳನ್ನು ಆ ಗುಡಿಯಲ್ಲಿ ಕಲ್ಲಿನ ಮೇಲೆ ಕೆತ್ತಿಸಿದ್ದರು. ಸುಮಾರು 70 ಪ್ರಸಂಗಗಳು ಉಳಿದಿವೆ. ಕುರುಡನಿಗೆ ಕಣ್ಣು ಬಂತು, ಕುಂಟ ಓಡಿದ, ಹೀಗೆ. ಅವುಗಳಲ್ಲಿ ಗುಡಿಗೆ ಬಂದು ವಾಸಿಯಾಗದೆ ಸತ್ತವನ ಕತೆ ಹುಡುಕಿದರೂ ಸಿಗಲ್ಲ.

ಇನ್ನೊಂದು ದಾರಿ ಹಿಪ್ಪಾಕ್ರಟೀಸನ ಬಳಗದ ವೈದ್ಯರು. ಅವರದೂ ಒಂದು ವಹಿ ಇದೆ, 'ಎಪಿಡೆಮಿಕ್ಸ್' ಅಂತ ಹೆಸರು. ಅದರ ಒಂದನೇ ಮತ್ತು ಮೂರನೇ ಭಾಗದಲ್ಲಿ 42 ರೋಗಿಗಳ ದಿನದ ಲೆಕ್ಕ ಬರೆದಿದ್ದಾರೆ. ಮೊದಲನೆಯವನು ಫಿಲಿಸ್ಕಸ್, ಕೋಟೆ ಗೋಡೆಯ ಹತ್ತಿರ ಮನೆ. ಮೊದಲ ದಿನ ಜ್ವರ, ಬೆವರು. ರಾತ್ರಿ ನಿದ್ದೆ ಸರಿಯಿಲ್ಲ. ಆಮೇಲೆ ಬಡಬಡಿಕೆ, ಮೂತ್ರ ಕಪ್ಪು. ಆರನೇ ದಿನ ಮಧ್ಯಾಹ್ನದ ಹೊತ್ತಿಗೆ ತೀರಿಕೊಂಡ. ಅಷ್ಟೇ. ದೇವರ ಶಾಪ ಇಲ್ಲ, ವೈದ್ಯನ ಬಡಾಯಿ ಇಲ್ಲ, ಸಮಜಾಯಿಷಿಯೂ ಇಲ್ಲ. ಆ 42 ಮಂದಿಯಲ್ಲಿ 25 ಮಂದಿ ಸತ್ತಿದ್ದಾರೆ! ತನ್ನ ಕೈಯಲ್ಲಿ ಸತ್ತವರ ಲೆಕ್ಕವನ್ನು ತಾನೇ ಬರೆದು ಮುಂದಿನವರಿಗೆ ಓದಲು ಬಿಟ್ಟುಹೋದ ವೈದ್ಯ. ಸಾಫ್ಟ್‌ವೇರ್ ಕೆಲಸದಲ್ಲಿ ಸರ್ವರ್ ಬಿದ್ದ ಮಾರನೇ ದಿನ ನಾವು ಯಾವ ಗಂಟೆಗೆ ಏನಾಯ್ತು ಅಂತ ಬರೆಯುತ್ತೇವಲ್ಲ, ಅದನ್ನು ಬರೆಯುವಾಗಲೇ ನಮ್ಮ ಟೀಮಿನಲ್ಲಿ ಎಷ್ಟು ಜನ ಜಾರಿಕೊಳ್ಳುತ್ತಾರೆ ಅಂತ ನನಗೆ ಗೊತ್ತು. ಇದು ಮನುಷ್ಯರ ಪ್ರಾಣದ ವಿಷಯ, ಎರಡು ಸಾವಿರದ ನಾನೂರು ವರ್ಷ ಹಿಂದೆ.

"ಮೊದಲು ಕೇಡು ಮಾಡಬೇಡ" ಅನ್ನೋದು ಹಿಪ್ಪಾಕ್ರಟೀಸನ ಪ್ರತಿಜ್ಞೆಯಲ್ಲಿದೆ ಅಂತ ವಾಟ್ಸಾಪಿನಲ್ಲಿ ಓಡಾಡುತ್ತಿರುತ್ತದೆ. ಆ ರೂಪದಲ್ಲಿ ಅದು ಪ್ರತಿಜ್ಞೆಯಲ್ಲಿ ಇಲ್ಲ. ಅದರ ಬುಡ ಇರೋದು ಈ ಸಾವಿನ ವಹಿಯಲ್ಲೇ: ಉಪಕಾರ ಮಾಡು, ಇಲ್ಲವಾದರೆ ಅಪಕಾರವನ್ನಾದರೂ ಮಾಡಬೇಡ ಅನ್ನೋ ಅರ್ಥದ ಮಾತು. ಅದರ ಪಕ್ಕದಲ್ಲೇ ಇನ್ನೊಂದು ಮಾತಿದೆ. ವೈದ್ಯದಲ್ಲಿ ಮೂರು ಪಾಲು: ರೋಗ, ರೋಗಿ, ವೈದ್ಯ, ರೋಗದ ಜೊತೆ ಗುದ್ದಾಡಬೇಕಾದವನು ರೋಗಿ, ವೈದ್ಯ ಅವನ ಜೊತೆಗಿರಬೇಕು ಅಂತ. ಮೂರ್ಛೆ ರೋಗದ ಬಗ್ಗೆಯೂ ಅವರದೊಂದು ಪುಸ್ತಕ ಇದೆ. ಇದು ಬೇರೆ ರೋಗಗಳಿಗಿಂತ ಹೆಚ್ಚು ದೈವಿಕವೇನಲ್ಲ, ಇದರ ಮೂಲ ಮಿದುಳಿನಲ್ಲಿದೆ ಅಂತ ಅದರಲ್ಲಿ ಬರೆದರು. ನಮ್ಮ ಊರುಗಳಲ್ಲಿ ಇವತ್ತಿಗೂ ಫಿಟ್ಸ್ ಬಂದವನ ಕೈಗೆ ಕೀಲಿಕೈ ಗೊಂಚಲು ಕೊಡ್ತಾರೆ, ಮೂಗಿಗೆ ಉಳ್ಳಾಗಡ್ಡಿ ಹಿಡೀತಾರೆ.

ಹಾಗಾದರೆ ರಸಗಳ ಸಿದ್ಧಾಂತ ಯಾಕೆ ಇಷ್ಟು ದಿನ ಬಾಳಿತು? ಗ್ಯಾಲೆನ್ ಬಹಳ ಬುದ್ಧಿವಂತ, ಬಹಳ ಬರೆದ, ಎಲ್ಲದಕ್ಕೂ ಉತ್ತರ ಕೊಟ್ಟ. ಎಲ್ಲದಕ್ಕೂ ಉತ್ತರ ಇರುವ ಸಿದ್ಧಾಂತವನ್ನು ಸೋಲಿಸೋದು ಕಷ್ಟ. ಮಂಗ, ಹಂದಿಗಳನ್ನು ಕೊಯ್ದು ನೋಡಿ ಮನುಷ್ಯನ ಬಗ್ಗೆ ಬರೆದದ್ದನ್ನು 1543ರಲ್ಲಿ ವೆಸಾಲಿಯಸ್ ತೋರಿಸಿಕೊಡುವ ತನಕ ಗಟ್ಟಿಯಾಗಿ ಪ್ರಶ್ನಿಸಿದವರು ಬೆರಳೆಣಿಕೆ. ನಮ್ಮ ಪಕ್ಕದ ಗೋವೆಯಲ್ಲಿ (1510ರ ತನಕ ಅದು ಆದಿಲ್ ಶಾಹಿಗಳದೇ) ಗಾರ್ಸಿಯಾ ದ ಓರ್ತಾ ಅನ್ನೋ ಪೋರ್ಚುಗೀಸ್ ವೈದ್ಯ 1563ರಲ್ಲಿ ಇಲ್ಲಿನ ಔಷಧಿಗಳ ಮೇಲೆ ಒಂದು ಪುಸ್ತಕ ಅಚ್ಚು ಹಾಕಿಸಿದ. ಅಹಮದನಗರದ ನಿಜಾಮ್ ಶಾಹನಿಗೂ ಅವನು ವೈದ್ಯನಾಗಿದ್ದ, ಅಲ್ಲಿಯ ಹಕೀಮರ ಜೊತೆ ಚರ್ಚೆ ಮಾಡುತ್ತಿದ್ದ. ಸ್ಪೇನಿನಲ್ಲಿದ್ದಿದ್ದರೆ ಗ್ಯಾಲೆನನ ವಿರುದ್ಧ, ಗ್ರೀಕರ ವಿರುದ್ಧ ಮಾತಾಡುವ ಧೈರ್ಯ ನನಗೆ ಬರುತ್ತಿರಲಿಲ್ಲ ಅಂತ ಅದರಲ್ಲಿ ಒಪ್ಪಿಕೊಳ್ಳುತ್ತಾನೆ. ಹಣ್ಣು, ಬೇರು, ಗಿಡ ಕಣ್ಣೆದುರಿಗೇ ಇದ್ದಾಗ ಪುಸ್ತಕ ಯಾಕೆ ನೋಡಲಿ ಅನ್ನೋದು ಅವನ ಧಾಟಿ.

ನಂಬಿಕೆಯ ಬೆಲೆ ಕಡಿಮೆ ಇರಲಿಲ್ಲ. ರಕ್ತ ಹೆಚ್ಚಾಯ್ತು ಅಂತ ರಕ್ತ ತೆಗೆಯುವ ಚಿಕಿತ್ಸೆ ಹತ್ತೊಂಬತ್ತನೇ ಶತಮಾನದವರೆಗೂ ನಡೆಯಿತು. ಅಮೆರಿಕದ ಜಾರ್ಜ್ ವಾಷಿಂಗ್ಟನ್ 1799ರ ಡಿಸೆಂಬರಿನಲ್ಲಿ ಗಂಟಲು ಬೇನೆಯಿಂದ ಸಾಯುವ ದಿನ ಮತ್ತೆ ಮತ್ತೆ ರಕ್ತ ತೆಗೆದಿದ್ದರು. ಪ್ಯಾರಿಸಿನ ಪಿಯೇರ್ ಲೂಯಿ ಅನ್ನೋ ವೈದ್ಯ ನ್ಯುಮೋನಿಯಾ ರೋಗಿಗಳನ್ನು ಎಣಿಸಿ, ಬೇಗ ರಕ್ತ ತೆಗೆದವರು ಎಷ್ಟು ಬದುಕಿದರು, ತಡವಾಗಿ ತೆಗೆದವರು ಎಷ್ಟು ಅಂತ ಲೆಕ್ಕ ಹಾಕಿ 1835ರಲ್ಲಿ ಪುಸ್ತಕ ಮಾಡಿದ ಮೇಲೆ ಅದರ ಬಣ್ಣ ಬಯಲಾಗತೊಡಗಿತು. ನೋಡಿ, ಗ್ರೀಕ್ ಸಿದ್ಧಾಂತವನ್ನು ಕೊನೆಗೆ ಕೆಡವಿದ್ದು ಗ್ರೀಕರದೇ ಇನ್ನೊಂದು ವಹಿಯ ಅಭ್ಯಾಸ.

ಇದೆಲ್ಲ ಹಳೇ ಕತೆ, ಈಗ್ಯಾಕೆ ಅಂತೀರಾ? ಬಬಲೇಶ್ವರದ ಹತ್ತಿರದ ಹಳ್ಳಿಯಲ್ಲಿ ನನ್ನ ಕಾಕಾ ಒಬ್ಬರಿದ್ದಾರೆ. ಅವರಿಗೆ ಟಿಬಿ ಆಯ್ತು. ಟಿಬಿಗೆ ಆರು ತಿಂಗಳ ಕೋರ್ಸು: ಮೊದಲ ಎರಡು ತಿಂಗಳು ನಾಲ್ಕು ಔಷಧಿ, ಆಮೇಲೆ ನಾಲ್ಕು ತಿಂಗಳು ಮೂರು. ಒಂದೂವರೆ ತಿಂಗಳಿಗೆ ಕಾಕಾ ಗುಳಿಗೆ ನಿಲ್ಲಿಸಿಬಿಟ್ಟರು. ಫೋನಿನಲ್ಲಿ ಕೇಳಿದೆ.

"ಆ ಗುಳಿಗಿ ಬಾಳ ಹೀಟ್ ಅದಾವೋ ತಮ್ಮಾ. ಒಂದಕ್ಕ ಹೋದ್ರ ಕೆಂಪಗ ಬರ್ತೈತಿ. ಮೈಯಾಗಿನ ರಕ್ತ ಸುಟ್ಟ ಹೊರಗ ಬರಾಕತ್ತೈತಿ. ಈಗ ಕೆಮ್ಮ ಸೈತ ಇಲ್ಲ, ಮತ್ಯಾಕ ಬೇಕು?"

ಮೂತ್ರ ಕಿತ್ತಳೆಗೆಂಪು ಆಗೋದು ರಿಫಾಂಪಿಸಿನ್ ಅನ್ನೋ ಔಷಧಿಯ ಬಣ್ಣದಿಂದ. ಬೆವರು, ಕಣ್ಣೀರಿಗೂ ಆ ಬಣ್ಣ ಬರಬಹುದು, ಅದರಿಂದ ಅಪಾಯ ಇಲ್ಲ. (ಕಣ್ಣು ಹಳದಿಯಾಗಿ, ವಾಂತಿ ಬಂದು, ಮೂತ್ರ ಕಡುವಾದರೆ ಮಾತ್ರ ಅದು ಬೇರೆ, ಯಕೃತ್ತಿಗೆ ತೊಂದರೆಯಾಗಿರಬಹುದು, ಆಗ ತಡ ಮಾಡದೆ ಡಾಕ್ಟರಿಗೆ ತೋರಿಸಬೇಕು.) ಕೆಮ್ಮು ನಿಂತರೂ ಕ್ರಿಮಿ ಪೂರ್ತಿ ಸತ್ತಿರಲ್ಲ, ನಡುವೆ ಬಿಟ್ಟರೆ ಔಷಧಿಗೆ ಬಗ್ಗದ ಟಿಬಿ ಆಗಿ ಮನೆಯವರಿಗೂ ಹತ್ತಬಹುದು. ಇಷ್ಟನ್ನೂ ಗುಳಿಗೆ ಬರೆದುಕೊಟ್ಟವರು ಎರಡು ನಿಮಿಷದಲ್ಲಿ ಹೇಳಬಹುದಿತ್ತು. ಹೇಳಿರಲಿಲ್ಲ. ಚೀಟಿ ಬರೆದು "ನೆಕ್ಸ್ಟ್" ಅಂದಿದ್ದರು.

ಕಾಕಾ ದಡ್ಡರಲ್ಲ. ಅವರ ಕಣ್ಣಿಗೆ ಕಂಡದ್ದಕ್ಕೆ ಅವರ ಹತ್ತಿರ ಇದ್ದ ಸಿದ್ಧಾಂತದಿಂದ ಅರ್ಥ ಮಾಡಿಕೊಂಡರು. ಆ ಸಿದ್ಧಾಂತ ಬಾಗ್ದಾದ್, ಬೀದರ್ ಸುತ್ತಿ ಬಂದ ಎರಡು ಸಾವಿರ ವರ್ಷದ್ದು, ಡಾಕ್ಟರು ಅದರ ಜಾಗಕ್ಕೆ ಬೇರೆ ಏನನ್ನೂ ಕೊಡಲಿಲ್ಲ. ಖಾಲಿ ಜಾಗದಲ್ಲಿ ಹಳೆಯದೇ ಕೂತುಕೊಳ್ಳುತ್ತದೆ. ಹಳ್ಳಿಯವರಿಗೆ ತಿಳಿವಳಿಕೆ ಇಲ್ಲ ಅಂತ ಬೈಯುವವರನ್ನು ಕಂಡರೆ ನನಗೆ ಸಿಟ್ಟು ಬರೋದು ಇದಕ್ಕೇ.

ಕೊನೆಗೆ ಸರಿ ಮಾಡಿದವರು ಊರಿನ ಆಶಾ ಕಾರ್ಯಕರ್ತೆ. ಬಂದು ಕಟ್ಟೆಯ ಮೇಲೆ ಅರ್ಧ ತಾಸು ಕೂತರು. ಗುಳಿಗೆ ಯಾವಾಗ ತಗೋತೀರಿ, ಏನು ಉಣ್ತೀರಿ, ನಿದ್ದಿ ಹೆಂಗ, ಮನ್ಯಾಗ ಯಾರಿಗರ ಕೆಮ್ಮ ಐತೇನು ಅಂತ ಒಂದೊಂದಾಗಿ ಕೇಳಿದರು. ಬೀಟ್‌ರೂಟ್ ತಿಂದರ ಹೆಂಗ ಕೆಂಪಗಾಗ್ತೈತಿ ಹಂಗ ಇದು, ಬಣ್ಣ ಗುಳಿಗಿದು, ರಕ್ತದ್ದಲ್ಲ ಅಂದರು. ಮಾರನೇ ದಿನವೇ ಕರೆದುಕೊಂಡು ಹೋಗಿ ಕಫ ಪರೀಕ್ಷೆ ಮಾಡಿಸಿ ಮತ್ತೆ ಗುಳಿಗೆ ಶುರು ಮಾಡಿಸಿದರು. ಕಾಕಾ ಕೋರ್ಸು ಮುಗಿಸಿದ್ದಾರೆ, ಈಗ ಹೊಲಕ್ಕೆ ಹೋಗ್ತಾರೆ. ಹಕೀಮರ ಪುಸ್ತಕಗಳಲ್ಲಿ ಆರೋಗ್ಯಕ್ಕೆ ಬೇಕಾದ ಆರು ಸಂಗತಿಗಳ ಪಟ್ಟಿ ಇದೆ, ಬುಡ ಗ್ಯಾಲೆನನದು: ಗಾಳಿ, ಊಟ ಮತ್ತು ನೀರು, ಓಡಾಟ ಮತ್ತು ವಿಶ್ರಾಂತಿ, ನಿದ್ದೆ ಮತ್ತು ಎಚ್ಚರ, ಮನಸ್ಸಿನ ಸ್ಥಿತಿ, ಮೈಯಲ್ಲಿ ಉಳಿಯಬೇಕಾದ್ದು ಉಳಿದು ಹೋಗಬೇಕಾದ್ದು ಹೋಗೋದು. ಹೆಚ್ಚು ಕಡಿಮೆ ಅವನ್ನೇ ಕೇಳಿದ ಆ ತಾಯಿ ಗ್ಯಾಲೆನನ ಹೆಸರು ಕೇಳಿರಲಿಕ್ಕಿಲ್ಲ.

ಅಂದಹಾಗೆ ಈ ಕ್ಷಯವನ್ನು ಹಿಪ್ಪಾಕ್ರಟೀಸನ ಬಳಗದವರು ಚೆನ್ನಾಗಿಯೇ ಗುರುತಿಸಿದ್ದರು. ಹೆಚ್ಚಾಗಿ 18ರಿಂದ 35 ವಯಸ್ಸಿನವರಿಗೆ ಬರುತ್ತದೆ ಅಂತ ಬರೆದಿದ್ದಾರೆ. ಕ್ರಿಮಿ ಕಂಡದ್ದು 1882ರಲ್ಲಿ, ರಾಬರ್ಟ್ ಕಾಕ್‌ಗೆ. ನೋಡಿದ್ದು ಸರಿ, ಕಾರಣ ತಪ್ಪು. ಗ್ರೀಕ್ ವೈದ್ಯದ ತುಂಬ ಇದೇ ಕತೆ.

ಈಗ ಯುನಾನಿಯವರಿಗೆ ಒಂದು ಮಾತು. ನನಗೆ ಆ ಕಾಲೇಜಿನ ಹುಡುಗರ ಮೇಲೆ ಸಿಟ್ಟಿಲ್ಲ, ಐದೂವರೆ ವರ್ಷ ಓದುತ್ತಾರೆ. ರೋಗಿಯ ಜೊತೆ ಕೂತು ಮಾತಾಡುವ ವ್ಯವಧಾನ ಎಷ್ಟೋ ಎಂಬಿಬಿಎಸ್‌ನವರಿಗಿಂತ ಅವರಿಗೆ ಹೆಚ್ಚು, ಜನ ಅವರ ಹತ್ತಿರ ಹೋಗೋದೂ ಅದಕ್ಕೇ. ಆದರೆ ಹಕೀಮರ, ನಾಟಿ ವೈದ್ಯರ, ಆಯುರ್ವೇದದವರ ಬೋರ್ಡುಗಳಲ್ಲಿ, ಯೂಟ್ಯೂಬ್ ವಿಡಿಯೋಗಳಲ್ಲಿ ನಾನು ನೋಡೋದು ಎಪಿಡಾರಸ್ ಗುಡಿಯ ಕಲ್ಲುಗಳನ್ನು. ವಾಸಿಯಾದವರು, ವಾಸಿಯಾದವರು, ಬರೀ ವಾಸಿಯಾದವರು. ಬುಕ್ರಾತ್ ನಮ್ಮ ಮೂಲಪುರುಷ ಅಂತ ಹೇಳುವವರು ಬುಕ್ರಾತನ ವಹಿಯನ್ನೂ ಬರೆಯಬೇಕಲ್ಲವೇ? ಈ ವರ್ಷ ಇಷ್ಟು ಜನ ಬಂದರು, ಇಷ್ಟು ಜನಕ್ಕೆ ಗುಣವಾಯ್ತು, ಇಷ್ಟು ಜನಕ್ಕೆ ಆಗಲಿಲ್ಲ, ಇಷ್ಟು ಜನ ತೀರಿಹೋದರು. ಪ್ರೈವೇಟ್ ಮಲ್ಟಿ ಸ್ಪೆಷಾಲಿಟಿಯವರು ತಮ್ಮ ಲೆಕ್ಕ ಗೋಡೆಗೆ ಹಾಕಿದ್ದನ್ನೂ ನಾನು ಎಲ್ಲೂ ಕಂಡಿಲ್ಲ, ಅದೂ ನಿಜ. ಅಲ್ಲಿ ಗೋಡೆಗೆ ಹಾಕೋದು ನಗುವ ಡಾಕ್ಟರ ಫೋಟೋ :)

"ಹಾಗಾದರೆ ಪಥ್ಯ, ಊಟ, ತಂಪು ಎಲ್ಲ ಸುಳ್ಳಾ?" ಅಂತ ನಮ್ಮ ಅವ್ವ ಕೇಳಿದಳು. ಎಲ್ಲ ಸುಳ್ಳಲ್ಲ. ಎಣಿಸಿ ನೋಡಿದ ಮೇಲೆ ಕೆಲವು ನಿಲ್ಲುತ್ತವೆ. ಕ್ಷಯಕ್ಕೆ ಒಳ್ಳೆ ಊಟ ಬೇಕು ಅನ್ನೋದು ಹಳೇ ಮಾತು. ಮಂಗಳೂರಿನ ಯೆನೆಪೋಯ ಮೆಡಿಕಲ್ ಕಾಲೇಜಿನ ಅನುರಾಗ್ ಭಾರ್ಗವ, ಮಾಧವಿ ಭಾರ್ಗವ ಮತ್ತು ಜೊತೆಗಾರರು ಇದನ್ನು ಝಾರ್ಖಂಡಿನಲ್ಲಿ ಪರೀಕ್ಷೆಗೆ ಹಚ್ಚಿದರು. 2,800 ಟಿಬಿ ರೋಗಿಗಳು, ಅವರ ಮನೆಯ 10,345 ಜನ. ರೋಗಿಗಳೆಲ್ಲರಿಗೂ ರೇಷನ್ ಕೊಟ್ಟರು. ಮನೆಯವರಲ್ಲಿ ಒಂದು ಗುಂಪಿಗೆ ಮಾತ್ರ ತಿಂಗಳು ತಿಂಗಳು ಅಕ್ಕಿ, ಬೇಳೆ ಮತ್ತು ವಿಟಮಿನ್ ಗುಳಿಗೆ, ಇನ್ನೊಂದಕ್ಕೆ ಇಲ್ಲ. 2023ರಲ್ಲಿ ಫಲಿತಾಂಶ ಬಂತು: ರೇಷನ್ ಸಿಕ್ಕ ಮನೆಯವರಲ್ಲಿ ಹೊಸದಾಗಿ ಟಿಬಿ ಬರೋದು 39 ಶೇಕಡ ಕಡಿಮೆ, ಕಫ ಪರೀಕ್ಷೆಯಲ್ಲಿ ಖಚಿತವಾದ ಶ್ವಾಸಕೋಶದ ಟಿಬಿ 48 ಶೇಕಡ ಕಡಿಮೆ. ಬಿಸಿ, ತಂಪು, ರಸ ಯಾವುದರ ಮಾತೂ ಇಲ್ಲ. ಹೊಟ್ಟೆ ತುಂಬ ಊಟ ಮತ್ತು ಪ್ರಾಮಾಣಿಕ ಎಣಿಕೆ.

ಸರ್ಕಾರ ಟಿಬಿ ರೋಗಿಗಳಿಗೆ ಊಟಕ್ಕೆಂದು 2018ರಿಂದ ತಿಂಗಳಿಗೆ 500 ರೂಪಾಯಿ ಕೊಡುತ್ತಿತ್ತು, 2024ರ ನವೆಂಬರಿನಿಂದ ಅದು 1000 ಆಗಿದೆ. ದುಡ್ಡು ಬಂದರೆ ಮನೆಯ ಯಾವುದೋ ಸಾಲಕ್ಕೆ ಹೋಗುತ್ತದೆ, ಕಾಕಾನ ಮನೆಯಲ್ಲೂ ಹಾಗೇ ಆಯ್ತು. ಝಾರ್ಖಂಡಿನಲ್ಲಿ ಮಾಡಿದ ಹಾಗೆ ಧಾನ್ಯವನ್ನೇ, ಮನೆಮಂದಿಗೆಲ್ಲ ಸೇರಿಸಿ ಕೊಟ್ಟರೆ ಒಳ್ಳೆಯದು ಅಂತ ನನ್ನ ಅಭಿಪ್ರಾಯ. ನಮ್ಮ ಕಡೆ ಅಕ್ಕಿ ಬೇಡ; ಜೋಳ, ತೊಗರಿಬೇಳೆ, ಶೇಂಗಾ ಕೊಡಿ. ಜೊತೆಗೆ ತಿಕೋಟಾದ ತೋಟಗಳ ಒಣದ್ರಾಕ್ಷಿ ಒಂದು ಪೊಟ್ಟಣ. ನಾವು ಮಣೂಕ ಅನ್ನೋ ಆ ಒಣದ್ರಾಕ್ಷಿ ಹಕೀಮರ ಪುಸ್ತಕದಲ್ಲಿ ಮುನಕ್ಕಾ ಅಂತ ಎಷ್ಟೋ ಕಾಲದಿಂದ ಇದೆ. ಅದರಿಂದ ಏನಾದರೂ ಉಪಯೋಗ ಆಯ್ತಾ ಅಂತ ಬಬಲೇಶ್ವರ, ತಿಕೋಟಾ ಎರಡೂ ತಾಲೂಕಿನಲ್ಲಿ ಎರಡು ವರ್ಷ ಲೆಕ್ಕ ಇಡೋ ಕೆಲಸವನ್ನು ಯುನಾನಿ ಕಾಲೇಜಿನವರೂ ಎಂಬಿಬಿಎಸ್ ಕಾಲೇಜಿನವರೂ ಸೇರಿ ಮಾಡಲಿ. ವಹಿ ಇಡೋಕೆ ಸಾಫ್ಟ್‌ವೇರ್ ಬೇಕಾದರೆ ಹೇಳಿ, ನಾನು ಪುಕ್ಕಟೆ ಬರೆದುಕೊಡ್ತೀನಿ.